ಥಾಣೆ, ಡೊಂಬಿವಲಿಯ ಸೆಕೆ: ಶತಮಾನದ ಹಿಂದೆಯೇ ಕೆರೆ, ನೆರಳಿನ ಪರ ವಾದಿಸಿದ್ದ ಪ್ಯಾಟ್ರಿಕ್ ಗೆಡೆಸ್ ಯಾರು?

ಏಪ್ರಿಲ್ ಬಂತೆಂದರೆ ಡೊಂಬಿವಲಿ, ಕಲ್ಯಾಣ್ ಕಡೆಯ ಕನ್ನಡಿಗರು ಊರಿಗೆ ಫೋನ್ ಮಾಡಿದಾಗ ಮೊದಲು ಬರುವ ಮಾತು ಸೆಕೆ. ರಾತ್ರಿ ಹನ್ನೊಂದಾದರೂ ಮೇಲಿನ ಮಹಡಿಯ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ, ಫ್ಯಾನ್ ಹಾಕಿದರೆ ಬೀಸುವುದೂ ಬಿಸಿಗಾಳಿಯೇ. ಅದೇ ಹೊತ್ತಿನಲ್ಲಿ ಥಾಣೆಯ ಯೇವೂರು ಗುಡ್ಡದ ಕಾಡಿನಂಚಿಗೆ ಹೋದರೆ ಗಾಳಿ ತಣ್ಣಗಿರುತ್ತದೆ. ಎರಡೂ ಕಡೆ ಒಂದೇ ಬಿಸಿಲು ಬಿದ್ದಿರುತ್ತದೆ. ವ್ಯತ್ಯಾಸ ಇರುವುದು ನೆಲದ ಮೇಲೆ ಏನಿದೆ ಎಂಬುದರಲ್ಲಿ. ಕಾಂಕ್ರೀಟು ಮತ್ತು ಡಾಂಬರು ಹಗಲಿಡೀ ಬಿಸಿಲನ್ನು ಹೀರಿಕೊಂಡು ರಾತ್ರಿ ನಿಧಾನವಾಗಿ ಬಿಡುತ್ತವೆ. ಮರ ಹಾಗಲ್ಲ, ನೆರಳು ಕೊಡುವುದರ ಜೊತೆಗೆ ಎಲೆಯಿಂದ ನೀರನ್ನು ಆವಿ ಮಾಡುತ್ತಾ ಬಿಸಿಯನ್ನು ಖರ್ಚು ಮಾಡಿಬಿಡುತ್ತದೆ. ವಿಜ್ಞಾನಿಗಳು ಇದನ್ನು ನಗರ ಉಷ್ಣದ್ವೀಪ ಎನ್ನುತ್ತಾರೆ.

ಈ ಹೆಸರು ಬಳಕೆಗೆ ಬರುವ ಮೊದಲೇ ಭಾರತದ ಊರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಕೆರೆ ಮುಚ್ಚಬೇಡಿ, ನೆರಳಿನ ಓಣಿ ಒಡೆಯಬೇಡಿ ಎಂದು ವಾದಿಸಿದವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡೆಸ್. ಅವರು ವರದಿ ಬರೆದ ಊರುಗಳಲ್ಲಿ ಥಾಣೆಯೂ ಇದೆ, ನಮ್ಮ ಬಳ್ಳಾರಿಯೂ ಇದೆ.

ಎಲೆಯಿಂದ ಊರಿಗೆ

ಗೆಡೆಸ್ ಹುಟ್ಟಿದ್ದು 1854ರ ಅಕ್ಟೋಬರ್ 2ರಂದು, ಸ್ಕಾಟ್ಲೆಂಡಿನ ಬ್ಯಾಲಟರ್ ಎಂಬ ಊರಿನಲ್ಲಿ. ಗಾಂಧೀಜಿ ಹುಟ್ಟಿದ್ದು ಅದೇ ತಾರೀಖಿನಂದು, ಹದಿನೈದು ವರ್ಷದ ನಂತರ. ಗೆಡೆಸ್ ತಂದೆ ಸೈನಿಕರು. ಹುಡುಗ ಲಂಡನ್ನಿಗೆ ಹೋಗಿ, ಡಾರ್ವಿನ್ ಪರ ವಾದಗಳಿಗೆ ಹೆಸರಾಗಿದ್ದ ಥಾಮಸ್ ಹಕ್ಸ್ಲಿ ಬಳಿ ಜೀವವಿಜ್ಞಾನ ಕಲಿತ. ಆದರೆ ಡಿಗ್ರಿ ಪಡೆಯಲಿಲ್ಲ, ಪಡೆಯುವ ಹಂಬಲವೂ ಇದ್ದಂತಿಲ್ಲ.

1879ರಲ್ಲಿ ಸಂಶೋಧನೆಗೆಂದು ಮೆಕ್ಸಿಕೋಗೆ ಹೋದಾಗ ಕಣ್ಣು ಕೈಕೊಟ್ಟಿತು. ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂರಬೇಕಾಯಿತು. ದೃಷ್ಟಿ ಮರಳಿತಾದರೂ ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕೂರುವ ಶಕ್ತಿ ಹೋಗಿತ್ತು. ಚಿಕ್ಕ ಜೀವಿಗಳನ್ನು ನೋಡಬೇಕಿದ್ದ ಕಣ್ಣು ದೊಡ್ಡ ಜೀವಿಯತ್ತ ತಿರುಗಿತು. ಆ ದೊಡ್ಡ ಜೀವಿ ಎಂದರೆ ಊರು.

1888ರಲ್ಲಿ ಡಂಡೀ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಪಾಠ ಬೇಸಿಗೆಯ ಅವಧಿಯಲ್ಲಿ ಮಾತ್ರ. ಉಳಿದ ತಿಂಗಳೆಲ್ಲಾ ಊರಿನ ಕೆಲಸ. ಆ ವೇಳೆಗಾಗಲೇ ಅವರು ಹೆಂಡತಿ ಆ್ಯನಾ ಮಾರ್ಟನ್ ಜೊತೆ ಎಡಿನ್‌ಬರೋದ ಹಳೆಪೇಟೆಯ ಕೊಳೆಗೇರಿಯಂಥ ವಠಾರಕ್ಕೆ ಮನೆ ಬದಲಾಯಿಸಿದ್ದರು. ನೆರೆಹೊರೆಯವರನ್ನು ಸೇರಿಸಿಕೊಂಡು ಗೋಡೆಗೆ ಸುಣ್ಣ ಬಳಿದರು, ಕಿಟಕಿಯಲ್ಲಿ ಹೂಗಿಡ ಇಟ್ಟರು, ಖಾಲಿ ಜಾಗಗಳನ್ನು ತೋಟ ಮಾಡಿದರು. ಸಂಪತ್ತಿನ ಲೆಕ್ಕವನ್ನು ಹಣದಿಂದಲ್ಲ, ಹಸಿರೆಲೆಯಿಂದ ಶುರು ಮಾಡಬೇಕು ಎಂಬುದು ಅವರ ನಿಲುವಾಗಿತ್ತು. ಸಸ್ಯಶಾಸ್ತ್ರಜ್ಞನೊಬ್ಬ ನಗರ ಯೋಜಕನಾದದ್ದರ ಗುಟ್ಟು ಇದೇ.

ಥಾಣೆಗೆ ಬಂದ ದಾರಿ

1914ರಲ್ಲಿ ಮದ್ರಾಸ್ ಗವರ್ನರ್ ಲಾರ್ಡ್ ಪೆಂಟ್‌ಲ್ಯಾಂಡ್ ಆಹ್ವಾನದ ಮೇರೆಗೆ ಗೆಡೆಸ್ ಭಾರತಕ್ಕೆ ಹೊರಟರು. ವರ್ಷಗಳ ಕಾಲ ಕೂಡಿಸಿದ್ದ ನಕ್ಷೆ, ಚಿತ್ರಗಳ ನಗರ ಪ್ರದರ್ಶನ ಬೇರೆ ಹಡಗಿನಲ್ಲಿತ್ತು. ಮೊದಲ ಮಹಾಯುದ್ಧ ಆಗಷ್ಟೇ ಶುರುವಾಗಿತ್ತು. ಜರ್ಮನಿಯ ಎಮ್ಡನ್ ನೌಕೆ ಆ ಹಡಗನ್ನು ಮುಳುಗಿಸಿತು. ಗೆಳೆಯರು ಹೊಸದಾಗಿ ನಕ್ಷೆಗಳನ್ನು ಕೂಡಿಸಿ ಕಳಿಸಿದರು, 1915ರ ಆರಂಭದಲ್ಲಿ ಮದ್ರಾಸಿನಲ್ಲಿ ಪ್ರದರ್ಶನ ನಡೆಯಿತು.

ಆ ವರ್ಷವೇ ಮದ್ರಾಸ್ ಪ್ರಾಂತ್ಯದ ಊರುಗಳ ವರದಿ ಬಂತು. ಆಗ ಆ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ, ಜೊತೆಗೆ ತಂಜಾವೂರು, ಮದುರೆ ಅದರಲ್ಲಿದ್ದವು. ಬಾಂಬೆ ಪ್ರಾಂತ್ಯದ ಊರುಗಳ ವರದಿಯೂ 1915ರದೇ, ಥಾಣೆ ಇರುವುದು ಅದರಲ್ಲಿ.

ಥಾಣೆಯನ್ನು ಇಂದಿಗೂ ಕೆರೆಗಳ ನಗರ ಎನ್ನುತ್ತಾರೆ. ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಮಾಸುಂದಾ ಕೆರೆ ಇದೆ, ಜನರ ಬಾಯಲ್ಲಿ ಅದು ತಲಾವ್‌ಪಾಳಿ. ಕಚ್ರಾಳಿ, ಉಪವನ ಕೆರೆಗಳೂ ಉಳಿದಿವೆ. ಗೆಡೆಸ್ ಕಾಲದಲ್ಲಿ ಆರೋಗ್ಯಾಧಿಕಾರಿಗಳಿಗೆ ಕೆರೆ ಎಂದರೆ ಮಲೇರಿಯಾ, ಮಲೇರಿಯಾ ಎಂದರೆ ಕೆರೆ ಮುಚ್ಚು. ಗೆಡೆಸ್ ಇದನ್ನು ಒಪ್ಪಲಿಲ್ಲ. ಸೊಳ್ಳೆ ಮರಿ ತಿನ್ನಲು ಮೀನು ಬಿಡಿ, ಬಾತುಕೋಳಿ ಸಾಕಿ, ದಡ ಸ್ವಚ್ಛ ಮಾಡಿ ಎಂಬುದು ಅವರ ಸಲಹೆ. ಮಳೆನೀರು ತಡೆಯುವುದಕ್ಕೂ ಜನ ಸೇರುವುದಕ್ಕೂ ಬೇಕಾದ ಜಾಗವನ್ನು ಸೊಳ್ಳೆಯ ನೆಪದಲ್ಲಿ ಕಳೆದುಕೊಳ್ಳುವುದು ಅವರಿಗೆ ದಡ್ಡತನವಾಗಿ ಕಂಡಿತು.

ಹಳೆಪೇಟೆಗಳ ವಿಷಯದಲ್ಲೂ ಅವರದು ಅದೇ ಹಟ. ಆಗಿನ ಎಂಜಿನಿಯರುಗಳ ಮದ್ದು ಒಂದೇ: ಮನೆಗಳನ್ನು ಒಡೆದು ನೇರ, ಅಗಲದ ರಸ್ತೆ ಹಾಕುವುದು. ಬಿಸಿಲೂರಿನಲ್ಲಿ ಅಗಲದ ರಸ್ತೆ ಎಂದರೆ ಧೂಳು ಮತ್ತು ಝಳ, ಇಕ್ಕಟ್ಟಿನ ಓಣಿಗಾದರೂ ನೆರಳಿದೆ ಎಂದು ಗೆಡೆಸ್ ತೋರಿಸಿಕೊಟ್ಟರು. ಪಾಳುಬಿದ್ದ ಒಂದೆರಡು ಮನೆ ತೆಗೆದು, ಆ ಜಾಗದಲ್ಲಿ ಮರ ನೆಟ್ಟು, ಬಾವಿ ಸರಿಪಡಿಸಿದರೆ ಸಾಕು. ಖರ್ಚೂ ಕಡಿಮೆ, ಬಡವರು ಮನೆ ಬಿಟ್ಟು ಹೋಗುವುದೂ ತಪ್ಪುತ್ತದೆ. ಈ ಕ್ರಮಕ್ಕೆ ಅವರು ವೈದ್ಯರ ಭಾಷೆಯಿಂದ ಶಸ್ತ್ರಚಿಕಿತ್ಸೆಯ ಹೆಸರು ತಂದರು: ಉಳಿಸುವ ಶಸ್ತ್ರಚಿಕಿತ್ಸೆ.

ಇಂದಿನ ಥಾಣೆ-ಕಲ್ಯಾಣ್ ಪಟ್ಟಿಗೆ ಈ ಮಾತನ್ನು ಹಾಗೇ ಅನ್ವಯಿಸಲಾಗದು ಎಂಬುದನ್ನೂ ಹೇಳಬೇಕು. ಗೆಡೆಸ್ ನೋಡಿದ ಓಣಿಯ ಅಕ್ಕಪಕ್ಕ ಇದ್ದದ್ದು ಒಂದೆರಡು ಅಂತಸ್ತಿನ ಮನೆಗಳು. ಇಪ್ಪತ್ತು ಮಹಡಿಯ ಕಟ್ಟಡಗಳು ಒತ್ತೊತ್ತಾಗಿ ನಿಂತರೆ ಹಗಲಲ್ಲಿ ಬೀದಿಗೆ ನೆರಳು ಸಿಗುತ್ತದೆ ನಿಜ, ಆದರೆ ರಾತ್ರಿ ಗೋಡೆಗಳು ಬಿಡುವ ಬಿಸಿಗೆ ಆಕಾಶದ ದಾರಿ ಕಾಣುವುದಿಲ್ಲ, ಗಾಳಿಯೂ ಒಳಗೆ ಬರುವುದಿಲ್ಲ. ಎಸಿಗಳು ಹೊರಗೆ ತಳ್ಳುವ ಬಿಸಿ ಅದರ ಮೇಲೆ. ಎಲ್ಲರಿಗಿಂತ ಹೆಚ್ಚು ಬೇಯುವವರು ತಗಡಿನ ಸೂರಿನ ಚಾಳುಗಳಲ್ಲಿ ಇರುವವರು.

2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಬಯಲಲ್ಲಿ ನಡೆದ ಪ್ರಶಸ್ತಿ ಸಮಾರಂಭಕ್ಕೆ ಬಂದವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಬಿಸಿಲಿನ ಹೊಡೆತಕ್ಕೆ ಬಲಿಯಾದರು. ಅದು ಉಷ್ಣದ್ವೀಪದ ಪ್ರಕರಣವಲ್ಲ, ನೆರಳಿಲ್ಲದ ಪ್ರಕರಣ. ಕಡಲಂಚಿನ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಹಾಗಾಗಿ ಉಷ್ಣಾಂಶ ತೀರಾ ಏರದಿದ್ದರೂ ಮೈ ತಣಿಯುವುದಿಲ್ಲ. ಮರದ ನೆರಳಿನ ಬೆಲೆ ಗೊತ್ತಾಗುವುದು ಇಂಥಲ್ಲಿ.

ಇಂದೋರ್‌ನ ಒಂದು ದಿನದ ಮಹಾರಾಜ

ಗೆಡೆಸ್ ಬದುಕಿನ ಅತಿ ಸ್ವಾರಸ್ಯದ ಪ್ರಸಂಗ 1917ರ ದೀಪಾವಳಿಯದು. ಪ್ಲೇಗ್ ಹಾವಳಿಯಿಂದ ನಲುಗಿದ್ದ ಇಂದೋರ್‌ನಲ್ಲಿ, ಹೋಳ್ಕರ್ ಮಹಾರಾಜರ ಒಪ್ಪಿಗೆಯಿಂದ ಅವರು ಒಂದು ದಿನದ ಮಹಾರಾಜರಾದರು. ಮೆರವಣಿಗೆ ಯಾವ ಬೀದಿ ಅತಿ ಚೊಕ್ಕಟವಾಗಿರುತ್ತದೋ ಆ ಬೀದಿಯಲ್ಲಿ ಹೋಗುತ್ತದೆ ಎಂದು ಸಾರಿಸಿದರು. ಊರಿಗೆ ಊರೇ ಪೊರಕೆ ಹಿಡಿಯಿತು. ಗಾಡಿಗಟ್ಟಲೆ ಕಸ ಹೊರಬಿತ್ತು. ಕೊನೆಗೆ ರಾವಣನ ಜೊತೆ ಪ್ಲೇಗಿನ ದೈತ್ಯ ಇಲಿಯನ್ನೂ ಸುಟ್ಟರು. ಜನರನ್ನು ಗದರಿಸದೆ, ಅವರದೇ ಹಬ್ಬದ ಮೂಲಕ ಕೆಲಸ ಮಾಡಿಸಿದ ಈ ಜಾಣತನಕ್ಕೆ ಸಾಟಿಯಾದದ್ದು ಆಗಿನ ಸರ್ಕಾರಿ ಕಡತಗಳಲ್ಲಿ ಸಿಗುವುದು ಕಷ್ಟ.

ಆ ವರ್ಷವೇ ಮನೆಯಲ್ಲಿ ಎರಡು ಸಾವು. ಭಾರತದಲ್ಲಿ ತಂದೆಯ ಜೊತೆ ಕೆಲಸ ಮಾಡಿದ್ದ ಮಗ ಆಲಸ್ಡೇರ್ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಮಡಿದ. ಕಲ್ಕತ್ತಾದಲ್ಲಿ ಕಾಯಿಲೆ ಮಲಗಿದ್ದ ಆ್ಯನಾಗೆ ಗೆಡೆಸ್ ಈ ಸುದ್ದಿ ಹೇಳಲೇ ಇಲ್ಲ. ಮಗನ ಹಳೆಯ ಪತ್ರಗಳನ್ನು ಓದಿ ಹೇಳುತ್ತಿದ್ದರು. ಕೆಲವೇ ವಾರಗಳಲ್ಲಿ ಆಕೆಯೂ ತೀರಿಕೊಂಡರು. ಇಂದೋರ್‌ನ ಆ ದೀಪಾವಳಿ ನಡೆದದ್ದು ಇದರ ಬೆನ್ನಿಗೇ.

1919ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಮೊದಲ ಸಮಾಜಶಾಸ್ತ್ರ ಪ್ರಾಧ್ಯಾಪಕರಾದ ಗೆಡೆಸ್, 1924ರವರೆಗೆ ಅಲ್ಲಿದ್ದರು. ಜಗದೀಶಚಂದ್ರ ಬೋಸರ ಜೀವನಚರಿತ್ರೆ ಬರೆದರು, ರವೀಂದ್ರನಾಥ ಟ್ಯಾಗೋರರ ಗೆಳೆಯರಾದರು. 1925ರಲ್ಲಿ ಟೆಲ್ ಅವೀವ್ ನಗರಕ್ಕೆ ಯೋಜನೆ ಹಾಕಿಕೊಟ್ಟರು. ಊರುಗಳು ಬೆಳೆಯುತ್ತಾ ಒಂದಕ್ಕೊಂದು ಅಂಟಿಕೊಂಡು ಒಂದೇ ದೊಡ್ಡ ಗುಡ್ಡೆಯಾಗುವುದಕ್ಕೆ ಕನರ್ಬೇಷನ್ ಎಂಬ ಇಂಗ್ಲಿಷ್ ಪದವನ್ನು ಟಂಕಿಸಿದವರೂ ಅವರೇ. ಆ ಪದ ಬಂದ 'ಸಿಟೀಸ್ ಇನ್ ಎವಲ್ಯೂಷನ್' ಪುಸ್ತಕದ ವರ್ಷವೂ 1915, ಥಾಣೆ ವರದಿಯ ವರ್ಷವೇ. ಲೋಕಲ್ ರೈಲಿನಲ್ಲಿ ಥಾಣೆಯಿಂದ ಡೊಂಬಿವಲಿ ದಾಟಿ ಕಲ್ಯಾಣ್‌ವರೆಗೆ ಕಿಟಕಿಯಾಚೆ ನೋಡುತ್ತಾ ಹೋದವರಿಗೆ ಆ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಖಾಡಿಯ ಕಾಂಡ್ಲಾ ಕಾಡು, ಪಾರ್ಸಿಕ್ ಗುಡ್ಡ, ಉಲ್ಹಾಸ್ ನದಿಯ ದಡ ಇಷ್ಟೇ ನಡುವೆ ಉಸಿರಾಡಲು ಉಳಿದ ಸಂದುಗಳು.

1932ರಲ್ಲಿ ಬ್ರಿಟಿಷ್ ಸರ್ಕಾರ ಗೆಡೆಸ್‌ಗೆ ಸರ್ ಪದವಿ ಕೊಟ್ಟಿತು. ಅದೇ ವರ್ಷ ಏಪ್ರಿಲ್ 17ರಂದು ಫ್ರಾನ್ಸಿನ ಮೊಂಪೆಲಿಯೆಯಲ್ಲಿ, 77ನೇ ವಯಸ್ಸಿನಲ್ಲಿ ಅವರು ನಿಧನರಾದರು. ಅವರ ಭಾರತದ ವರದಿಗಳು ಹೆಚ್ಚಿನವರ ಕಣ್ಣಿಗೆ ಬೀಳದೆ ಉಳಿದಿದ್ದವು. ಅವುಗಳಿಂದ ಆಯ್ದ ಭಾಗಗಳನ್ನು ಜಾಕ್ವೆಲಿನ್ ಟಿರ್‌ವಿಟ್ ಎಂಬ ಯೋಜಕಿ ಸಂಪಾದಿಸಿ ಲಂಡನ್ನಿನಲ್ಲಿ ಪ್ರಕಟಿಸಿದ್ದು 1947ರಲ್ಲಿ.