ಅಣ್ಣಾಸಾಹೇಬ ಕಿರ್ಲೋಸ್ಕರ

ಬಲವಂತ ಪಾಂಡುರಂಗ ಕಿರ್ಲೋಸ್ಕರ (31 ಮಾರ್ಚ್ 1843 – 2 ನವೆಂಬರ್ 1885) ಮರಾಠಿ ಸಂಗೀತ ನಾಟಕದ ಜನಕರೆಂದು ಪ್ರಸಿದ್ಧರಾದ ನಾಟಕಕಾರ, ಪದ್ಯರಚನಕಾರ ಹಾಗೂ ನಟ. ಅಣ್ಣಾಸಾಹೇಬ ಎಂಬುದು ಅವರ ರೂಢಿಯ ಹೆಸರು. ಕನ್ನಡ ನೆಲದಲ್ಲಿ ಹುಟ್ಟಿ, ಕನ್ನಡ ಮತ್ತು ಮರಾಠಿ ಎರಡನ್ನೂ ಬಾಲ್ಯದಿಂದಲೇ ಬಲ್ಲವರಾಗಿದ್ದ ಅವರು ಬರೆದ ಶಾಕುಂತಲ ಮತ್ತು ಸೌಭದ್ರ ನಾಟಕಗಳ ಹಾಡುಗಳು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ರಂಗಭೂಮಿಯಲ್ಲಿಯೂ ಸಂಗೀತ ಕಛೇರಿಗಳಲ್ಲಿಯೂ ಕೇಳಿಬರುತ್ತಿವೆ. ಉದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರ (1869–1956) ಇದೇ ಮನೆತನಕ್ಕೆ ಸೇರಿದ ಬೇರೊಬ್ಬ ವ್ಯಕ್ತಿ.

ಜನನ ಮತ್ತು ವಿದ್ಯಾಭ್ಯಾಸ

ಅಣ್ಣಾಸಾಹೇಬರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಅವರ ಪೂರ್ವಜರು ಕೊಂಕಣದಿಂದ ಬಂದು ಇಲ್ಲಿ ನೆಲೆಸಿದವರು. ಬೆಳಗಾವಿ, ಧಾರವಾಡ ಮತ್ತು ವಿಜಯಪುರದ ಪ್ರದೇಶಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮನೆ, ಹೊಲ ಮತ್ತು ಸಂತೆಗಳಲ್ಲಿ ಜನರು ಕನ್ನಡವನ್ನಾಡುತ್ತಿದ್ದರೂ ಕಚೇರಿಗಳಲ್ಲಿ ಮತ್ತು ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಬಾಲಕ ಬಲವಂತನು ಸುಮಾರು ಹನ್ನೆರಡನೆಯ ವಯಸ್ಸಿನವರೆಗೆ ಮನೆಯಲ್ಲಿಯೇ ಕಲಿತು, ಅನಂತರ ಹೊರಗಿನ ಶಾಲೆಗಳಿಗೆ ಸೇರಿದನು. 1863ರಲ್ಲಿ ಹೆಚ್ಚಿನ ವ್ಯಾಸಂಗಕ್ಕಾಗಿ ಪುಣೆಗೆ ಹೋದ ಅವರ ಮನಸ್ಸು ಪುಸ್ತಕಗಳಿಗಿಂತ ನಾಟಕದ ಕಡೆಗೆ ಹರಿಯಿತು. ಸಂಚಾರಿ ನಾಟಕ ಮಂಡಳಿಗಳಿಗೆ ಪದ್ಯಗಳನ್ನು ಬರೆದುಕೊಡುತ್ತ, ತಾವೂ ಒಂದು ಮಂಡಳಿಯನ್ನು ಕಟ್ಟಿದರು. ಅದು ಬಹುಕಾಲ ನಡೆಯಲಿಲ್ಲ. ವ್ಯಾಸಂಗವೂ ಅರ್ಧಕ್ಕೆ ನಿಂತಿತು.

ಜೀವನೋಪಾಯಕ್ಕಾಗಿ ಬೆಳಗಾವಿಯಲ್ಲಿ ಶಿಕ್ಷಕರಾದರು. ಮುಂದೆ ಸರಕಾರಿ ಸೇವೆಯಲ್ಲಿದ್ದರು. ಈ ಅವಧಿಯಲ್ಲಿ ಶಂಕರದಿಗ್ವಿಜಯ ಎಂಬ ಗದ್ಯ ನಾಟಕವನ್ನು ಬರೆದರು. ಮುಂದೆ ಮೃಚ್ಛಕಟಿಕ, ಶಾರದಾ ಮೊದಲಾದ ನಾಟಕಗಳಿಂದ ಹೆಸರಾದ ಗೋವಿಂದ ಬಲ್ಲಾಳ ದೇವಲರು ಅವರನ್ನು ಗುರುಸ್ಥಾನದಲ್ಲಿ ಕಂಡವರು.

ಅಂದಿನ ರಂಗಭೂಮಿ

ಮರಾಠಿ ರಂಗಭೂಮಿಯ ಆರಂಭದಲ್ಲಿಯೇ ಕನ್ನಡದ ಪಾತ್ರವಿದೆ. ಉತ್ತರ ಕನ್ನಡದ ಭಾಗವತರ ಮೇಳವೊಂದು 1842ರಲ್ಲಿ ಸಾಂಗಲಿಯಲ್ಲಿ ಆಟವಾಡಿತು. ಅದನ್ನು ಕಂಡು ಮೆಚ್ಚಿದ ಸಾಂಗಲಿಯ ಅರಸರು ಅಂಥ ಆಟವನ್ನು ಮರಾಠಿಯಲ್ಲಿ ರಚಿಸುವಂತೆ ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. ಅದರ ಫಲವಾಗಿ 1843ರಲ್ಲಿ ಸೀತಾಸ್ವಯಂವರ ಪ್ರದರ್ಶನಗೊಂಡಿತು. ಅಣ್ಣಾಸಾಹೇಬರು ಹುಟ್ಟಿದ್ದು ಅದೇ ವರ್ಷ.

ಭಾವೆಯವರ ನಾಟಕಗಳಲ್ಲಿ ಹಾಡುವ ಹೊಣೆಯೆಲ್ಲ ಸೂತ್ರಧಾರನದು. ಬಯಲಾಟದ ಭಾಗವತನಂತೆ ಅವನು ಪಕ್ಕದಲ್ಲಿ ನಿಂತು ತಾಳ ಹಿಡಿದು ಹಾಡುತ್ತಿದ್ದನು. ಪಾತ್ರಧಾರಿಗಳು ಅದಕ್ಕೆ ತಕ್ಕಂತೆ ಅಭಿನಯಿಸಿ, ಸಂದರ್ಭಕ್ಕೆ ಹೊಂದುವ ಮಾತುಗಳನ್ನು ಸ್ಥಳದಲ್ಲಿಯೇ ಜೋಡಿಸಿ ಆಡುತ್ತಿದ್ದರು. ಪಾತ್ರದ ದುಃಖ ಒಬ್ಬನ ಮುಖದಲ್ಲಿ, ಅದರ ಹಾಡು ಇನ್ನೊಬ್ಬನ ಕಂಠದಲ್ಲಿ. ಇನ್ನೊಂದೆಡೆ ಇಂಗ್ಲಿಷ್ ಮತ್ತು ಸಂಸ್ಕೃತ ನಾಟಕಗಳಿಂದ ಅನುವಾದಗೊಂಡ ಗದ್ಯ ನಾಟಕಗಳಿದ್ದವು. ಅವುಗಳಲ್ಲಿ ಹಾಡಿಗೆ ಹೆಚ್ಚಿನ ಸ್ಥಾನವಿರಲಿಲ್ಲ.

ಶಾಕುಂತಲ

1880ರಲ್ಲಿ ಪುಣೆಗೆ ಬಂದಿದ್ದ ಪಾರಸಿ ಕಂಪನಿಯ ಇಂದ್ರಸಭಾ ನಾಟಕವನ್ನು ಅಣ್ಣಾಸಾಹೇಬರು ನೋಡಿದರು. ಆ ನಾಟಕದಲ್ಲಿ ಪಾತ್ರಧಾರಿಗಳೇ ಹಾಡುತ್ತಿದ್ದರು. ಅದರಿಂದ ಪ್ರೇರಿತರಾದ ಅವರು ಕಾಳಿದಾಸನ ಅಭಿಜ್ಞಾನಶಾಕುಂತಲವನ್ನು ಮರಾಠಿಗೆ ತಂದು, ಮೂಲದ ಶ್ಲೋಕಗಳಿಗೆ ಬದಲಾಗಿ ಹಾಡುಗಳನ್ನು ಬರೆದರು. 31 ಅಕ್ಟೋಬರ್ 1880ರಂದು ಪುಣೆಯ ಆನಂದೋದ್ಭವ ನಾಟಕಗೃಹದಲ್ಲಿ ಮೊದಲ ನಾಲ್ಕು ಅಂಕಗಳ ಪ್ರದರ್ಶನ ನಡೆಯಿತು. ಸೂತ್ರಧಾರನ ಪಾತ್ರವನ್ನು ಸ್ವತಃ ಅಣ್ಣಾಸಾಹೇಬರು ವಹಿಸಿದರು. ಮೋರೋಬಾ ವಾಘೋಲಿಕರರು ದುಷ್ಯಂತನಾದರು.

ಈ ಪ್ರಯೋಗದಲ್ಲಿ ಸೂತ್ರಧಾರನು ನಾಂದಿ ಮತ್ತು ಪ್ರಸ್ತಾವನೆಯನ್ನು ಮುಗಿಸಿ ಮರೆಗೆ ಸರಿದನು. ಅಲ್ಲಿಂದ ಮುಂದೆ ದುಷ್ಯಂತನ ಹಾಡನ್ನು ದುಷ್ಯಂತನೇ, ಕಣ್ವನ ಹಾಡನ್ನು ಕಣ್ವನೇ ಹಾಡಿದರು. ಮಾತು ಮುಂಚಿತವಾಗಿಯೇ ಬರೆದದ್ದು; ಹಾಡು ಆ ಮಾತಿನ ಮುಂದುವರಿಕೆ. ಇದರಿಂದ ನಟನಿಗೆ ಅಭಿನಯದಷ್ಟೇ ಕಂಠವೂ ಮುಖ್ಯವಾಯಿತು. ಶಾಕುಂತಲದ ನಾಂದಿಯು ಮರಾಠಿ ಸಂಗೀತ ನಾಟಕಗಳ ಆರಂಭದಲ್ಲಿ ಹಾಡುವ ಸಾಂಪ್ರದಾಯಿಕ ಪ್ರಾರ್ಥನೆಯಾಗಿ ಇಂದಿಗೂ ಉಳಿದಿದೆ. ಈ ಯಶಸ್ಸಿನೊಡನೆ ಕಿರ್ಲೋಸ್ಕರ ನಾಟಕ ಮಂಡಳಿ ನೆಲೆಗೊಂಡಿತು.

ಸೌಭದ್ರ

18 ನವೆಂಬರ್ 1882ರಂದು ಸೌಭದ್ರ ನಾಟಕದ ಮೊದಲ ಮೂರು ಅಂಕಗಳು ರಂಗವೇರಿದವು. ಮರುವರ್ಷ ಇಡೀ ನಾಟಕ ಪ್ರದರ್ಶಿತವಾಯಿತು. ಇದು ಅನುವಾದವಲ್ಲ, ಮಹಾಭಾರತದ ಕಥೆಯನ್ನಾಧರಿಸಿದ ಸ್ವತಂತ್ರ ಕೃತಿ. ತಂಗಿ ಸುಭದ್ರೆಯನ್ನು ದುರ್ಯೋಧನನಿಗೆ ಕೊಡಬೇಕೆಂದು ಬಲರಾಮನ ಹಟ. ಅರ್ಜುನನಿಗೆ ಕೊಡಿಸಬೇಕೆಂದು ಕೃಷ್ಣನ ಉಪಾಯ. ಅರ್ಜುನನು ಸಂನ್ಯಾಸಿಯ ವೇಷದಲ್ಲಿ ಯಾದವರ ನಡುವೆ ಸೇರಿಕೊಳ್ಳುತ್ತಾನೆ. ಪುರಾಣ ಪುರುಷರು ಇಲ್ಲಿ ಕೂಡುಕುಟುಂಬವೊಂದರ ಅಣ್ಣತಮ್ಮ, ಅತ್ತಿಗೆ, ನಾದಿನಿಯರಂತೆ ಮಾತನಾಡುತ್ತಾರೆ. ಮದುವೆಯ ವಿಷಯದಲ್ಲಿ ಹೆಣ್ಣುಮಗಳ ಮನಸ್ಸನ್ನು ಯಾರೂ ಕೇಳದ ಕಾಲದಲ್ಲಿ, ಸುಭದ್ರೆಯ ಅಳಲು ಅವಳದೇ ಹಾಡುಗಳಲ್ಲಿ ಪ್ರೇಕ್ಷಕರನ್ನು ತಲುಪಿತು.

ಅಂದು ಸ್ತ್ರೀಪಾತ್ರಗಳನ್ನೂ ಪುರುಷರೇ ವಹಿಸುತ್ತಿದ್ದರು. ಬಡೋದೆಯಿಂದ ಬಂದು 1882ರಲ್ಲಿ ಮಂಡಳಿಯನ್ನು ಸೇರಿದ ಭಾವುರಾವ್ ಕೊಲ್ಹಟಕರರು ತಮ್ಮ ಮಧುರ ಕಂಠದಿಂದ ಸುಭದ್ರೆಯ ಪಾತ್ರಕ್ಕೆ ಅಪಾರ ಜನಪ್ರಿಯತೆಯನ್ನು ತಂದರು. ವಾಘೋಲಿಕರರು ಅರ್ಜುನನಾಗಿಯೂ, ಬಾಳಕೋಬಾ ನಾಟೇಕರರು ನಾರದನಾಗಿಯೂ ಹೆಸರು ಗಳಿಸಿದರು.

ಹಾಡುಗಳ ವೈಶಿಷ್ಟ್ಯ

ಅಣ್ಣಾಸಾಹೇಬರು ಹೊಸ ಸಾಹಿತ್ಯವನ್ನು ಬರೆದರು; ಮಟ್ಟುಗಳನ್ನು ಮಾತ್ರ ಬಹುಪಾಲು ಜನರ ಕಿವಿಗೆ ಪರಿಚಿತವಾದ ಹಾಡುಗಳಿಂದ ಆರಿಸಿಕೊಂಡರು. ಕೀರ್ತನಕಾರರ ಸಾಕಿ ಮತ್ತು ದಿಂಡಿ, ಲಾವಣಿ, ಹೆಂಗಸರ ಹಾಡು, ಹಿಂದುಸ್ತಾನಿ ರಾಗಗಳು ಇವೆಲ್ಲವೂ ಅವರ ನಾಟಕಗಳಲ್ಲಿ ಸೇರಿವೆ. ಇವುಗಳ ಜೊತೆಗೆ ಬಾಲ್ಯದಿಂದ ಕೇಳಿದ್ದ ಕನ್ನಡ ಹಾಡುಗಳ ಧಾಟಿಗಳನ್ನೂ ಅವರು ಬಳಸಿದರು. ಸೌಭದ್ರದ ಹಲವು ಹಾಡುಗಳು ಕರ್ನಾಟಕದ ಮಟ್ಟುಗಳಲ್ಲಿವೆ. ಹಾಡುಗಳು ಚಿಕ್ಕವು, ಪದಗಳು ಸರಳ, ಕಥೆಯನ್ನು ತಡೆಯದೆ ಮುಂದಕ್ಕೆ ಒಯ್ಯುವಂಥವು. ಮುಂದಿನ ತಲೆಮಾರಿನ ಗಾಯಕ ನಟರು ಇವೇ ಹಾಡುಗಳನ್ನು ಆಲಾಪ, ತಾನುಗಳಿಂದ ವಿಸ್ತರಿಸಿದರು. ಪ್ರೇಕ್ಷಕರು ವನ್ಸ್‌ಮೋರ್ ಎಂದು ಕೂಗಿದಂತೆಲ್ಲ ಆಟವು ಬೆಳಗಿನವರೆಗೂ ನಡೆಯುವಂತಾಯಿತು. ಇದರಿಂದ ಸಂಗೀತಕ್ಕೆ ಲಾಭವಾಯಿತು. ಆದರೆ ಹಾಡು ನಾಟಕಕ್ಕಾಗಿ ಎಂಬ ಅಣ್ಣಾಸಾಹೇಬರ ಅಳತೆ ತಪ್ಪಿತು.

ಕೊನೆಯ ದಿನಗಳು

ಮೂರನೆಯ ಸಂಗೀತ ನಾಟಕ ರಾಮರಾಜ್ಯವಿಯೋಗದ ಮೊದಲ ಮೂರು ಅಂಕಗಳು 1884ರಲ್ಲಿ ಪ್ರದರ್ಶನಗೊಂಡವು. ಉಳಿದ ಭಾಗವನ್ನು ಬರೆದು ಮುಗಿಸುವ ಮೊದಲೇ, 2 ನವೆಂಬರ್ 1885ರಂದು, ತಮ್ಮ 42ನೆಯ ವಯಸ್ಸಿನಲ್ಲಿ ಅಣ್ಣಾಸಾಹೇಬರು ನಿಧನರಾದರು. ಶಾಕುಂತಲದ ಮೊದಲ ಪ್ರದರ್ಶನದಿಂದ ಅಂದಿಗೆ ಕೇವಲ ಐದು ವರ್ಷಗಳಾಗಿದ್ದವು.

ಕನ್ನಡ ರಂಗಭೂಮಿ ಮತ್ತು ಕಿರ್ಲೋಸ್ಕರ

ಅಣ್ಣಾಸಾಹೇಬರ ಶಾಕುಂತಲಕ್ಕೆ ಸುಮಾರು ಹತ್ತು ವರ್ಷ ಮೊದಲೇ ಚುರಮುರಿ ಶೇಷಗಿರಿರಾಯರು ಇದೇ ನಾಟಕವನ್ನು ಉತ್ತರ ಕರ್ನಾಟಕದ ಆಡುನುಡಿಗೆ ಒಗ್ಗಿಸಿ ಬರೆದಿದ್ದರು. ಮೈಸೂರಿನಲ್ಲಿ, ಅಣ್ಣಾಸಾಹೇಬರಂತೆಯೇ 1843ರಲ್ಲಿ ಹುಟ್ಟಿದ ಬಸಪ್ಪಶಾಸ್ತ್ರಿಗಳು ಅರಮನೆಯ ಆಶ್ರಯದಲ್ಲಿ ಶಾಕುಂತಲವನ್ನು ಕನ್ನಡಿಸಿದರು. ಆದರೆ ಮುಂಬಯಿ ಕರ್ನಾಟಕದ ಊರುಗಳಲ್ಲಿ ಮರಾಠಿ ಮಂಡಳಿಗಳಿಗೆ ದೊರೆತ ಪ್ರೋತ್ಸಾಹ ಕನ್ನಡ ನಾಟಕಗಳಿಗೆ ಸುಲಭವಾಗಿ ದೊರೆಯಲಿಲ್ಲ. ಕನ್ನಡಿಗರು ಮರಾಠಿ ನಾಟಕಗಳಿಗೆ ಮುಗಿಬೀಳುವುದನ್ನು ಕಂಡು ನೊಂದ ಶಾಂತಕವಿಗಳು ಗದುಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿ ನಾಟಕಗಳನ್ನು ಬರೆದರು. ಹೀಗೆ ಕನ್ನಡದಿಂದ ಪ್ರೇರಣೆ ಪಡೆದ ರಂಗಭೂಮಿಯೇ ಕನ್ನಡಕ್ಕೆ ಪೈಪೋಟಿಯಾಗಿಯೂ ಮಾದರಿಯಾಗಿಯೂ ಮರಳಿ ಬಂದಿತು.

ಈ ಸಂಗೀತ ನಾಟಕಗಳು ಕನ್ನಡ ಗಾಯಕರಿಗೂ ವೇದಿಕೆಯಾದವು. ಕುಂದಗೋಳದ ಸವಾಯಿ ಗಂಧರ್ವರು ಸುಭದ್ರೆಯ ಪಾತ್ರದಲ್ಲಿ ಕೀರ್ತಿ ಗಳಿಸಿದರು. ಅವಿಭಜಿತ ವಿಜಯಪುರ ಜಿಲ್ಲೆಯ ಬೀಳಗಿಯ ಗೋಹರಬಾಯಿ ಕರ್ನಾಟಕಿಯವರು ಬಾಲಗಂಧರ್ವರ ಮಂಡಳಿಯಲ್ಲಿ ನಾಯಕಿಯಾಗಿ ಹಾಡಿದರು. ಕನ್ನಡದ ವೃತ್ತಿ ನಾಟಕ ಕಂಪನಿಗಳೂ ಗಾಯಕ ನಟರ ಪದ್ಧತಿಯನ್ನು ಬೆಳೆಸಿಕೊಂಡವು. ಮಲ್ಲಿಕಾರ್ಜುನ ಮನ್ಸೂರ ಮತ್ತು ಬಸವರಾಜ ರಾಜಗುರು ಬಾಲ್ಯದಲ್ಲಿ ಹಾಡಿದ್ದು ವಾಮನರಾವ್ ಮಾಸ್ತರರ ಅಂಥದೇ ಕಂಪನಿಯಲ್ಲಿ.

ಸ್ಮರಣೆ

ಸಂಗೀತ ರಂಗಭೂಮಿಗೆ ಜೀವಮಾನದ ಸೇವೆ ಸಲ್ಲಿಸಿದ ಕಲಾವಿದರಿಗೆ ಮಹಾರಾಷ್ಟ್ರ ಸರಕಾರವು ಅಣ್ಣಾಸಾಹೇಬ ಕಿರ್ಲೋಸ್ಕರರ ಹೆಸರಿನಲ್ಲಿ ಪ್ರಶಸ್ತಿಯನ್ನು ನೀಡುತ್ತದೆ. ಸೌಭದ್ರ ನಾಟಕವು ಇಂದಿಗೂ ಪ್ರದರ್ಶನಗೊಳ್ಳುತ್ತಿದೆ.