ಅಕ್ಕನ ಓದಿಗೆ ತಂಗಿಯ ರೂಬಲ್

ಮೇರಿ ಕ್ಯೂರಿ ಎಂದರೆ ರೇಡಿಯಂ, ಎರಡು ನೊಬೆಲ್ ಬಹುಮಾನ. ಶಾಲೆಯಲ್ಲಿ ನಾವು ಓದಿದ್ದು ಇಷ್ಟೇ. ಪರೀಕ್ಷೆಗೆ ಬರುತ್ತಿದ್ದುದೂ ಇಷ್ಟೇ. ಆಕೆ ಅಕ್ಕನ ಫೀಸು ಕಟ್ಟಲು ಬೇರೆಯವರ ಮನೆಯಲ್ಲಿ ದುಡಿದವಳು, ಓದು ಮುಗಿಸಿ ವಾಪಸು ಬರುತ್ತೇನೆಂದು ತಂದೆಗೆ ಹೇಳಿ ಪರದೇಶಕ್ಕೆ ಹೋದವಳು, ಕೊನೆಗೂ ಬಾರದೆ ಉಳಿದವಳು ಎಂಬ ಸಂಗತಿ ಪಾಠದಲ್ಲಿ ಇರಲಿಲ್ಲ. ಈ ಪುಟ ಓದುವ ಮನೆಗಳಲ್ಲಿ ಒಬ್ಬರಲ್ಲ ಒಬ್ಬರು ಹೊರದೇಶದಲ್ಲಿ ಇದ್ದಾರೆ. ಹಾಗಾಗಿ ಈ ವಾರ ಆಕೆಯ ಬದುಕನ್ನು ಆ ಕಡೆಯಿಂದಲೇ ನೋಡೋಣ ಎಂದುಕೊಂಡೆವು.

ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾದಲ್ಲಿ. ಪೋಲೆಂಡ್ ಎಂದು ಹೇಳುತ್ತೇವೆ, ಆದರೆ ಆಗ ಭೂಪಟದಲ್ಲಿ ಆ ಹೆಸರಿನ ದೇಶವೇ ಇರಲಿಲ್ಲ. ಮೂರು ಸಾಮ್ರಾಜ್ಯಗಳು ಅದನ್ನು ಹಂಚಿಕೊಂಡಿದ್ದವು. ವಾರ್ಸಾ ರಷ್ಯದ ಪಾಲಿಗೆ ಬಂದಿತ್ತು. ಐದು ಮಕ್ಕಳಲ್ಲಿ ಕೊನೆಯವಳು ಮಾರಿಯಾ ಸ್ಕ್ಲೊದೋವ್ಸ್ಕ, ಮನೆಯವರಿಗೆ ಮಾನ್ಯಾ. ತಂದೆ ಗಣಿತ, ಭೌತಶಾಸ್ತ್ರದ ಮೇಷ್ಟ್ರು. ಕೈಲಿದ್ದ ದುಡ್ಡನ್ನು ಸಂಬಂಧಿಯೊಬ್ಬರ ವ್ಯವಹಾರದಲ್ಲಿ ಹಾಕಿ ಕಳೆದುಕೊಂಡ ಮೇಲೆ ಅವರು ಮನೆಯಲ್ಲೇ ಹುಡುಗರನ್ನು ಊಟ ವಸತಿಗೆ ಇಟ್ಟುಕೊಂಡು ಸಂಸಾರ ತೂಗಿಸಿದರು. ದೊಡ್ಡಕ್ಕ ಟೈಫಸ್ ಜ್ವರದಿಂದ ತೀರಿಕೊಂಡಳು. ಆಮೇಲೆ ಕ್ಷಯದಿಂದ ತಾಯಿಯೂ ಹೋದರು. ಆಗ ಮಾನ್ಯಾಗೆ ಹತ್ತು ವರ್ಷ.

ಹದಿನೈದನೇ ವಯಸ್ಸಿನಲ್ಲಿ ಚಿನ್ನದ ಪದಕದೊಂದಿಗೆ ಶಾಲೆ ಮುಗಿಯಿತು. ಮುಂದೆ ಓದುವುದಾದರೆ ವಾರ್ಸಾ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅಕ್ಕ ಬ್ರೋನ್ಯಾಗೆ ಪ್ಯಾರಿಸ್ಸಿಗೆ ಹೋಗಿ ಡಾಕ್ಟರ್ ಆಗುವ ಆಸೆ, ಕೈಯಲ್ಲಿ ಕಾಸಿಲ್ಲ. ಇಬ್ಬರೂ ಕೂತು ಲೆಕ್ಕ ಹಾಕಿದರು. ಮೊದಲು ಅಕ್ಕ ಹೋಗಿ ಓದುವುದು, ತಂಗಿ ಇಲ್ಲೇ ದುಡಿದು ಹಣ ಕಳಿಸುವುದು; ಅಕ್ಕ ಡಾಕ್ಟರ್ ಆದ ಮೇಲೆ ತಂಗಿಯನ್ನು ಕರೆಸಿಕೊಂಡು ಓದಿಸುವುದು. ತಮ್ಮನ ಓದಿಗೆಂದು ಅಣ್ಣ ದುಬೈ ವಿಮಾನ ಹತ್ತಿದ ಮನೆಗಳನ್ನು ನಾವು ಕಂಡಿದ್ದೇವೆ. ಇಂಥ ಒಪ್ಪಂದಗಳಿಗೆ ಸ್ಟಾಂಪ್ ಪೇಪರ್ ಇರುವುದಿಲ್ಲ. ಅದಕ್ಕೇ ಮುರಿದಾಗ ಅಷ್ಟು ನೋವಾಗುತ್ತದೆ.

1886ರ ಜನವರಿಯ ಚಳಿಯಲ್ಲಿ, ಹದಿನೆಂಟರ ಮಾನ್ಯಾ ವಾರ್ಸಾದಿಂದ ನೂರು ಕಿಲೋಮೀಟರ್ ಆಚೆಗಿನ ಶ್ಚೂಕಿ ಎಂಬ ಹಳ್ಳಿಗೆ ಹೊರಟಳು. ಸುತ್ತ ಸಕ್ಕರೆ ಬೀಟ್‌ರೂಟಿನ ಹೊಲಗಳು. ಜೋರಾವ್ಸ್ಕಿ ಎಂಬ ಎಸ್ಟೇಟ್ ಮೇಲ್ವಿಚಾರಕರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ. ವರ್ಷಕ್ಕೆ 500 ರೂಬಲ್ ಸಂಬಳ. ಅದರಲ್ಲಿ ಸುಮಾರು ಅರ್ಧ ಪ್ಯಾರಿಸ್ಸಿಗೆ ಹೋಗುತ್ತಿತ್ತು. ಬಿಡುವಿನಲ್ಲಿ ಆಕೆ ಮನೆಯ ದೊಡ್ಡ ಮಗಳನ್ನು ಜೊತೆಗೆ ಕಟ್ಟಿಕೊಂಡು ಹಳ್ಳಿಯ ಆಳುಗಳ ಮಕ್ಕಳಿಗೆ ಪೋಲಿಷ್ ಅಕ್ಷರ ಕಲಿಸಿದಳು. ರಷ್ಯದ ಆಡಳಿತದಲ್ಲಿ ಅದು ಅಪರಾಧ. ರಾತ್ರಿ ತನ್ನ ಪಾಲಿನ ಗಣಿತ, ಭೌತಶಾಸ್ತ್ರ.

ಆ ಮನೆಯ ಹಿರಿಮಗ ಕಾಜಿಮಿಯೆಷ್ ವಾರ್ಸಾದಲ್ಲಿ ಗಣಿತ ಓದುತ್ತಿದ್ದವನು. ರಜೆಗೆ ಬಂದ, ಇಬ್ಬರೂ ಇಷ್ಟಪಟ್ಟರು, ಮದುವೆಯ ಮಾತು ಎತ್ತಿದ. ತಂದೆ ತಾಯಿ ಒಪ್ಪಲಿಲ್ಲ. ಮಕ್ಕಳಿಗೆ ಪಾಠ ಹೇಳುವ ಹುಡುಗಿಯಾಗಿ ಮಾನ್ಯಾ ಅವರಿಗೆ ಬೇಕಿದ್ದಳು, ಸೊಸೆಯಾಗಿ ಬೇಡ, ಕಾಸಿಲ್ಲದವಳು. ಮಗ ಅಪ್ಪ ಅಮ್ಮನಿಗೆ ಎದುರಾಡಲಿಲ್ಲ.

ಇಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಸಂಗತಿಯೊಂದಿದೆ. ಅಷ್ಟು ಅವಮಾನ ಆದ ಮೇಲೂ ಆಕೆ ಆ ಮನೆ ಬಿಡಲಿಲ್ಲ. ಬಿಟ್ಟರೆ ಅಕ್ಕನ ಫೀಸು ನಿಲ್ಲುತ್ತದೆ. ಅದೇ ಊಟದ ಮೇಜಿನಲ್ಲಿ ಅವರೆದುರೇ ಕೂತು, ಅವರ ಮಕ್ಕಳಿಗೇ ಪಾಠ ಹೇಳುತ್ತ, ಕರಾರು ಮುಗಿಯುವ 1889ರವರೆಗೆ ಅಲ್ಲೇ ಇದ್ದಳು. ವಿಜ್ಞಾನದ ಇತಿಹಾಸದಲ್ಲಿ ಈ ವರ್ಷಗಳಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಮುಂದೆ ಶೆಡ್ಡಿನಲ್ಲಿ ಅದಿರು ಕುದಿಸಿದ ತಾಳ್ಮೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಾವು ಶ್ಚೂಕಿಯ ಕಡೆ ಕೈ ತೋರಿಸುತ್ತೇವೆ. ಕಾಜಿಮಿಯೆಷ್ ಮುಂದೆ ಪೋಲೆಂಡಿನ ಹೆಸರಾಂತ ಗಣಿತಜ್ಞನಾದ.

ಪ್ಯಾರಿಸ್ಸಿನಲ್ಲಿ ಬ್ರೋನ್ಯಾ ತನ್ನಂತೆಯೇ ವೈದ್ಯಕೀಯ ಓದಿದ ಪೋಲಿಷ್ ಗಡಿಪಾರುಗಾರನನ್ನು ಮದುವೆಯಾದಳು. ಮಾತಿನಂತೆ ತಂಗಿಗೆ ಬರಹೇಳಿದಳು. ಈಗ ಹಿಂಜರಿದವಳು ತಂಗಿ. ತಂದೆಗೆ ವಯಸ್ಸಾಗಿದೆ, ಒಬ್ಬರೇ ಆಗುತ್ತಾರೆ. ಮನಸ್ಸಿನ ಮೂಲೆಯಲ್ಲಿ ಕಾಜಿಮಿಯೆಷ್ ಇನ್ನೂ ಇದ್ದ. ಒಂದು ವರ್ಷ ಹೀಗೇ ಕಳೆಯಿತು. 1891ರಲ್ಲಿ ಅವನನ್ನು ಕೊನೆಯ ಸಲ ಭೇಟಿಯಾಗಿ, ಅವನಿನ್ನೂ ಹೊಯ್ದಾಡುತ್ತಿರುವುದನ್ನು ನೋಡಿದ ಮೇಲೆ ಬರುತ್ತೇನೆಂದು ಅಕ್ಕನಿಗೆ ಬರೆದಳು. ಹಾಸಿಗೆ, ಬುತ್ತಿ, ಮಡಚುವ ಕುರ್ಚಿ ಹೊತ್ತುಕೊಂಡು ಹೊರಟಳು. ಜರ್ಮನಿಯ ಅಗ್ಗದ ಬೋಗಿಯಲ್ಲಿ ಕೂರಲು ಸರಿಯಾದ ಸೀಟು ಇರಲಿಲ್ಲ. ಆಗ ವಯಸ್ಸು ಇಪ್ಪತ್ನಾಲ್ಕು.

ಸೊರ್ಬೋನ್ ವಿಶ್ವವಿದ್ಯಾಲಯದಲ್ಲಿ ಮಾರಿಯಾ ಮೇರಿ ಆದಳು. ಅಕ್ಕನ ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ, ಆದರೆ ಸದಾ ಊರಿನವರ ಮಾತುಕತೆ, ಪಿಯಾನೋ. ಭಾವ ತುಂಬ ಮಾತುಗಾರ. ಕೆಲವು ತಿಂಗಳ ಮೇಲೆ ಕಾಲೇಜಿನ ಹತ್ತಿರ ಮಾಳಿಗೆಯ ಕೋಣೆ ಹಿಡಿದಳು. ಅಲ್ಲಿ ಬೆಂಕಿಗೆ ಇದ್ದಿಲು ಸಾಲದು, ಬ್ರೆಡ್ಡು ಚಹಾದಲ್ಲೇ ದಿನ ಹೋಗುತ್ತಿತ್ತು. ಒಮ್ಮೆ ತಲೆತಿರುಗಿ ಬಿದ್ದಾಗ ಭಾವನೇ ಬಂದು ಮನೆಗೆ ಕರೆದೊಯ್ದು ಉಣ್ಣಿಸಿದ. 1893ರಲ್ಲಿ ಭೌತಶಾಸ್ತ್ರ ಪದವಿಯಲ್ಲಿ ಮೊದಲ ಸ್ಥಾನ, ಮರುವರ್ಷ ಗಣಿತದಲ್ಲಿ ಎರಡನೆಯ ಸ್ಥಾನ. ನಡುವೆ ಸಿಕ್ಕಿದ 600 ರೂಬಲ್ ವಿದ್ಯಾರ್ಥಿವೇತನವನ್ನು ಸಂಪಾದನೆ ಶುರುವಾದ ಮೇಲೆ ಹಿಂದಿರುಗಿಸಿದಳು. ವಿದ್ಯಾರ್ಥಿವೇತನವನ್ನು ಯಾರೂ ವಾಪಸು ಕೇಳುವುದಿಲ್ಲ!

ಪದವಿ ಸಿಕ್ಕರೆ ಊರಿಗೆ ಹೋಗಿ ಮೇಷ್ಟ್ರಾಗುವುದು, ತಂದೆಯನ್ನು ನೋಡಿಕೊಳ್ಳುವುದು. ಅದೇ ಮೊದಲಿನಿಂದ ಇದ್ದ ಯೋಚನೆ. 1894ರ ವಸಂತದಲ್ಲಿ ಪ್ರಯೋಗಕ್ಕೆ ಜಾಗ ಹುಡುಕುವಾಗ ಪೋಲಿಷ್ ಪ್ರಾಧ್ಯಾಪಕರೊಬ್ಬರ ಮೂಲಕ ಪಿಯರ್ ಕ್ಯೂರಿಯ ಪರಿಚಯವಾಯಿತು. ಮೂವತ್ತೈದರ ಹತ್ತಿರದ ಮಿತಭಾಷಿ, ಹೆಸರು ಮಾಡಿದ್ದರೂ ಸಣ್ಣ ಸಂಬಳ. ಆತ ಮದುವೆಯ ಮಾತಾಡಿದಾಗ ಆಕೆ ಹೂಂ ಅನ್ನಲಿಲ್ಲ; ಬೇಸಿಗೆಗೆ ಪೋಲೆಂಡಿಗೆ ಹೋದಳು. ಪಿಯರ್ ಕಾಗದದ ಮೇಲೆ ಕಾಗದ ಬರೆದ. ಬೇಕಾದರೆ ತಾನೇ ಪೋಲೆಂಡಿಗೆ ಬಂದು ನೆಲೆಸುತ್ತೇನೆ ಎನ್ನುವಷ್ಟು ದೂರ ಹೋದ. ಅತ್ತ ಕ್ರಾಕೋವ್ ವಿಶ್ವವಿದ್ಯಾಲಯ ಹೆಂಗಸೆಂಬ ಕಾರಣಕ್ಕೆ ಆಕೆಗೆ ಜಾಗ ಕೊಡಲಿಲ್ಲ. ಮರಳಬೇಕೆಂದಿದ್ದವಳಿಗೆ ಊರೇ ಬಾಗಿಲು ಹಾಕಿತು. ಪರದೇಶದಲ್ಲಿ ಉಳಿದ ಎಷ್ಟೋ ಮಂದಿಯ ಕಥೆಯಲ್ಲಿ ಇಂಥದೊಂದು ಬಾಗಿಲಿರುತ್ತದೆ, ಮನೆಯವರಿಗೆ ಅದನ್ನು ಹೇಳಿಕೊಳ್ಳುವುದಿಲ್ಲ ಅಷ್ಟೇ.

1895ರ ಜುಲೈ 26ರಂದು ಪ್ಯಾರಿಸ್ ಬಳಿಯ ಸೋದಲ್ಲಿ ಮದುವೆ. ಲ್ಯಾಬಿಗೂ ಆಗಲಿ ಎಂದು ಕಡುನೀಲಿ ಬಣ್ಣದ ಉಡುಪು. ಉಡುಗೊರೆಯ ಹಣದಲ್ಲಿ ಎರಡು ಸೈಕಲ್ಲು. ಮದುವೆಯಾದ ಮೇಲೆ ಆಕೆ ಅಡುಗೆಯನ್ನೂ ಪ್ರಯೋಗದಂತೆ ಕಲಿತು, ಖರ್ಚಿನ ಪುಸ್ತಕದಲ್ಲಿ ಪೈಸೆ ಪೈಸೆ ಬರೆದಿಟ್ಟಳು.

1897ರ ಸೆಪ್ಟೆಂಬರಿನಲ್ಲಿ ಮೊದಲ ಮಗಳು ಐರೀನ್ ಹುಟ್ಟಿದಳು. ಕೆಲವೇ ದಿನಗಳಲ್ಲಿ ಪಿಯರ್‌ನ ತಾಯಿ ತೀರಿಕೊಂಡರು. ಒಂಟಿಯಾದ ಮಾವ ಡಾಕ್ಟರ್ ಯೂಜೀನ್ ಕ್ಯೂರಿ ಮಗ ಸೊಸೆಯ ಜೊತೆ ಬಂದು ಇರತೊಡಗಿದರು. ಮಗುವನ್ನು ಎತ್ತಿ ಆಡಿಸಿದವರು, ಹೂಗಿಡಗಳ ಹೆಸರು ಹೇಳಿಕೊಟ್ಟವರು, ಕತೆ ಹೇಳಿದವರು ಅವರು. ಆ ಅಜ್ಜ ಇಲ್ಲದಿದ್ದರೆ ರೇಡಿಯಂ ಇಲ್ಲ ಎಂದರೆ ವಿಜ್ಞಾನಿಗಳು ನಗಬಹುದು, ಆದರೆ ಸೊಸೆಯ ಹೆರಿಗೆಗೆಂದು ಆರು ತಿಂಗಳ ವೀಸಾದಲ್ಲಿ ಹೋಗಿ ಬಂದ ನಮ್ಮ ಅಮ್ಮಂದಿರು ನಗಲಾರರು. ಮಗುವಿಗೆ ಒಂದು ವರ್ಷ ತುಂಬುವ ಮೊದಲೇ, 1898ರ ಜುಲೈನಲ್ಲಿ, ದಂಪತಿ ಹೊಸ ಮೂಲವಸ್ತುವೊಂದನ್ನು ಪ್ರಕಟಿಸಿದರು. ಭೂಪಟದಲ್ಲಿ ಇಲ್ಲದ ತನ್ನ ದೇಶದ ಹೆಸರನ್ನೇ ಆಕೆ ಅದಕ್ಕಿಟ್ಟಳು: ಪೊಲೋನಿಯಂ. ಡಿಸೆಂಬರಿನಲ್ಲಿ ರೇಡಿಯಂ.

ಅದೇ ವರ್ಷ ಬ್ರೋನ್ಯಾ ಮತ್ತು ಗಂಡ ಪ್ಯಾರಿಸ್ ಬಿಟ್ಟು ಪೋಲೆಂಡಿಗೆ ಹೊರಟರು. ಜಾಕೊಪಾನೆಯ ಬೆಟ್ಟಗಳಲ್ಲಿ ಕ್ಷಯರೋಗಿಗಳಿಗೆ ಆಸ್ಪತ್ರೆ ಕಟ್ಟಿದರು. ಮರಳಬೇಕೆಂದಿದ್ದ ತಂಗಿ ಉಳಿದಳು, ಮೊದಲು ಹೋದ ಅಕ್ಕ ಮರಳಿದಳು.

ತಂದೆಯ ಜೊತೆ ಕಾಗದದ ಸಂಪರ್ಕ ಇತ್ತು. 1902ರ ಮೇ ತಿಂಗಳಲ್ಲಿ ಅವರಿಗೆ ಶಸ್ತ್ರಚಿಕಿತ್ಸೆ ಆಗಿದೆಯೆಂದು ತಿಳಿದು ಹೊರಟ ಮೇರಿ ದಾರಿಯಲ್ಲಿರುವಾಗಲೇ ಅವರು ಹೋದ ಸುದ್ದಿ ಬಂತು. ವಾರ್ಸಾ ತಲುಪಿದಾಗ ಪೆಟ್ಟಿಗೆ ಮುಚ್ಚಿ ಆಗಿತ್ತು. ತೆರೆಸಿ ಮುಖ ನೋಡಿದಳು. ಬಿಟ್ಟು ಹೋದದ್ದಕ್ಕೆ ಆ ಮುಖದೆದುರು ಕ್ಷಮೆ ಕೇಳಿದಳು. ಇದನ್ನು ಆಕೆಯ ಕಿರಿಮಗಳು ಮುಂದೆ ಬರೆದಳು. ಮಗಳು ಶುದ್ಧ ರೇಡಿಯಂ ಲವಣ ಬೇರ್ಪಡಿಸಿದ ಸುದ್ದಿ ತಂದೆಗೆ ಸಾಯುವ ಕೆಲವು ದಿನ ಮೊದಲು ತಲುಪಿತ್ತು. ಅದರಿಂದ ಆಕೆಗೆ ಸಮಾಧಾನವಾದಂತೆ ಕಾಣುವುದಿಲ್ಲ. ವಿಮಾನ ಇಳಿದು ನೇರ ಸ್ಮಶಾನಕ್ಕೆ ಹೋದವರು ನಮ್ಮ ನಡುವೆಯೂ ಇದ್ದಾರೆ. ಇದಕ್ಕಿಂತ ಹೆಚ್ಚು ಹೇಳಲು ನಮಗೂ ಮಾತಿಲ್ಲ.

1903ರ ನೊಬೆಲ್ ಎಲ್ಲರಿಗೂ ಗೊತ್ತಿದ್ದದ್ದೇ. 1904ರಲ್ಲಿ ಎರಡನೆಯ ಮಗಳು ಈವ್ ಹುಟ್ಟಿದಳು. 1906ರ ಏಪ್ರಿಲ್ 19ರ ಮಳೆಯಲ್ಲಿ ಪಿಯರ್ ರಸ್ತೆ ದಾಟುವಾಗ ಕುದುರೆ ಬಂಡಿಯ ಚಕ್ರಕ್ಕೆ ಸಿಕ್ಕಿ ಸತ್ತ. ಮೂವತ್ತೆಂಟಕ್ಕೆ ವಿಧವೆ, ಎರಡು ಪುಟ್ಟ ಮಕ್ಕಳು, ವಯಸ್ಸಾದ ಮಾವ. ಸರ್ಕಾರ ಪಿಂಚಣಿ ಕೊಡಲು ಬಂದಾಗ ಆಕೆ ಬೇಡವೆಂದು, ದುಡಿದೇ ಸಾಕುವೆನೆಂದಳು. ಗಂಡನ ತರಗತಿ ಆಕೆಗೆ ಬಂತು. ಆತ ಪಾಠ ನಿಲ್ಲಿಸಿದ್ದ ಜಾಗದಿಂದಲೇ ಶುರುಮಾಡಿದಳು. ಮಾವ ಸೊಸೆ ಬೇರೆಯಾಗಲಿಲ್ಲ. 1910ರಲ್ಲಿ ತೀರಿಕೊಳ್ಳುವವರೆಗೆ ಅವರು ಅದೇ ಮನೆಯಲ್ಲಿ ಮೊಮ್ಮಕ್ಕಳ ಜೊತೆ ಇದ್ದರು. ಮಕ್ಕಳು ಪ್ಯಾರಿಸ್ಸಿನವರಾಗಿಯೇ ಬೆಳೆದರೂ ಪೋಲಿಷ್ ಬರಬೇಕೆಂದು ಮೇರಿ ಊರಿನ ಕಡೆಯ ಹೆಂಗಸರನ್ನೇ ಅವರನ್ನು ನೋಡಿಕೊಳ್ಳಲು ಇಟ್ಟಳು. ಮನೆಭಾಷೆಯ ಚಿಂತೆ ನಮಗೆ ಮಾತ್ರ ಬಂದದ್ದಲ್ಲ.

1911 ಕೆಟ್ಟ ವರ್ಷ. ಸಹೋದ್ಯೋಗಿ ಪಾಲ್ ಲಾಂಜೆವಿನ್‌ಗೆ ಹೆಂಡತಿ ಮಕ್ಕಳಿದ್ದರು. ಅವರಿಬ್ಬರ ನಡುವಿನ ಪ್ರೀತಿಯ ಪತ್ರಗಳು ಪತ್ರಿಕೆಗಳಿಗೆ ಸಿಕ್ಕವು. ಹದಿನಾರು ವರ್ಷ ಫ್ರಾನ್ಸಿನ ಸೊಸೆಯಾಗಿದ್ದವಳು ರಾತ್ರೋರಾತ್ರಿ ಮನೆಮುರುಕಿ ಪರದೇಶಿ ಹೆಂಗಸಾದಳು. ಮನೆಯೆದುರು ಜನ ಸೇರಿದರು. ಆಗಲೇ ಎರಡನೆಯ ನೊಬೆಲ್ ಬಂತು, ಬಾರದಿದ್ದರೆ ಒಳ್ಳೆಯದು ಎಂಬರ್ಥದ ಪತ್ರವೂ ಸ್ವೀಡನ್ನಿನಿಂದ ಬಂತು. ಆಕೆ ಹೋದಳು. ಜೊತೆಗೆ ಹದಿನಾಲ್ಕರ ಐರೀನ್, ಮತ್ತು ಪೋಲೆಂಡಿನಿಂದ ಬಂದ ಬ್ರೋನ್ಯಾ. ಕಷ್ಟ ಬಂದಾಗಲೆಲ್ಲ ಈ ಅಕ್ಕ ರೈಲು ಹತ್ತಿದ್ದಾಳೆ.

ಆಮೇಲಿನದು ಬೇಗ ಹೇಳಬಹುದು. ಮೊದಲ ಮಹಾಯುದ್ಧದಲ್ಲಿ ಎಕ್ಸ್‌ರೇ ಗಾಡಿಗಳು, ಹದಿಹರೆಯದ ಐರೀನ್ ಸಹಾಯಕಿ. 1921ರಲ್ಲಿ ಅಮೆರಿಕದ ಹೆಂಗಸರು ಚಂದಾ ಎತ್ತಿ ಕೊಂಡ ಒಂದು ಗ್ರಾಂ ರೇಡಿಯಂ ಆಕೆಯ ಲ್ಯಾಬಿಗೆ ಬಂತು. 1929ರಲ್ಲಿ ಇನ್ನೊಂದು ಗ್ರಾಂ, ಅದು ವಾರ್ಸಾಗೆ. ಅಷ್ಟರಲ್ಲಿ ಪೋಲೆಂಡ್ ಮತ್ತೆ ದೇಶವಾಗಿತ್ತು. ವಾರ್ಸಾದ ರೇಡಿಯಂ ಸಂಸ್ಥೆಗಾಗಿ ಅಲ್ಲಿ ನಿಂತು ಓಡಾಡಿದವಳು ಬ್ರೋನ್ಯಾ. 1932ರಲ್ಲಿ ಅದು ತೆರೆದಾಗ ಮೇರಿ ಹೋಗಿ ಬಂದಳು. ಐರೀನ್ ಸಹ ವಿಜ್ಞಾನಿಯನ್ನೇ ಮದುವೆಯಾಗಿ, 1935ರಲ್ಲಿ ಗಂಡನ ಜೊತೆ ನೊಬೆಲ್ ಪಡೆದಳು. ಈವ್ ವಿಜ್ಞಾನದ ಕಡೆ ಹೋಗದೆ ಸಂಗೀತ, ಬರವಣಿಗೆ ಹಿಡಿದಳು, ತಾಯಿ ತಡೆಯಲಿಲ್ಲ. ಐರೀನ್‌ಳ ಮಗಳು ಮುಂದೆ ಮದುವೆಯಾದದ್ದು ಅದೇ ಪಾಲ್ ಲಾಂಜೆವಿನ್‌ನ ಮೊಮ್ಮಗನನ್ನು!

ವರ್ಷಗಟ್ಟಲೆ ವಿಕಿರಣದ ನಡುವೆ ಕಳೆದ ದೇಹದಲ್ಲಿ ರಕ್ತ ಹುಟ್ಟುವುದು ನಿಂತಿತ್ತು. 1934ರ ಜುಲೈ 4ರಂದು ಫ್ರಾನ್ಸಿನ ಬೆಟ್ಟದ ಆಸ್ಪತ್ರೆಯೊಂದರಲ್ಲಿ, ಅರವತ್ತಾರನೇ ವಯಸ್ಸಿನಲ್ಲಿ ಮೇರಿ ತೀರಿಕೊಂಡಳು. ಐರೀನ್ ನೊಬೆಲ್ ಪಡೆದದ್ದನ್ನು ನೋಡಲಿಲ್ಲ. ಸೋದ ಸ್ಮಶಾನದಲ್ಲಿ ಪಿಯರ್ ಪಕ್ಕದಲ್ಲಿ ಮಣ್ಣು ಮಾಡಿದರು. ವಾರ್ಸಾದಿಂದ ಅಣ್ಣ ಯೋಜೆಫ್, ಅಕ್ಕ ಬ್ರೋನ್ಯಾ ಬಂದಿದ್ದರು. ಅವರು ಪೋಲೆಂಡಿನಿಂದ ತಂದಿದ್ದ ಹಿಡಿ ಮಣ್ಣನ್ನು ಪೆಟ್ಟಿಗೆಯ ಮೇಲೆ ಹಾಕಿದರು.