ದಾನವೀರ ಜಗಡೂಶಾಹ

ಕಚ್ಛ ದೇಶದ ಕರಾವಳಿಯ ಭದ್ರೇಶ್ವರವು ಕ್ರಿ.ಶ. 13ನೆಯ ಶತಮಾನದಲ್ಲಿ ಪಡುವಣ ಕಡಲಿನ ಹೆಸರಾಂತ ರೇವುಪಟ್ಟಣವಾಗಿದ್ದಿತು. ಅಲ್ಲಿ ಶ್ರೀ ಮಹಾವೀರಸ್ವಾಮಿಯ ಜಿನಾಲಯವಿದ್ದಂತೆಯೇ ಕಡಲಾಚೆಯಿಂದ ಬಂದು ನೆಲೆಸಿದ ಮುಸಲ್ಮಾನ ವರ್ತಕರ ಪ್ರಾರ್ಥನಾಮಂದಿರಗಳೂ ಇದ್ದುವು. ಕ್ರಿ.ಶ. 1159-60ರ ಶಿಲಾಲೇಖವುಳ್ಳ ಇಬ್ರಾಹಿಮ್ ದರ್ಗಾ ಅದಕ್ಕೆ ಸಾಕ್ಷಿ. ಈ ನಗರದ ಶ್ರೀಮಾಳಿ ಕುಲದ ಸೋಲ್ಹ ಶ್ರೇಷ್ಠಿಯ ಸುಪುತ್ರನೇ ಜಗಡೂಶಾಹ. ಈ ಶ್ರಾವಕನ ವೃತ್ತಾಂತವನ್ನು ಸರ್ವಾನಂದಸೂರಿಗಳು ತಮ್ಮ ಸಂಸ್ಕೃತ ಕಾವ್ಯವಾದ ಜಗಡೂಚರಿತದಲ್ಲಿ ನಿರೂಪಿಸಿರುವರು.

ಜಗಡೂವಿನ ಹಡಗುಗಳು ದೂರದ ರೇವುಗಳಿಗೆ ಸಂಚರಿಸುತ್ತಿದ್ದುವು. ಒಮ್ಮೆ ಆರ್ದ್ರಪುರವೆಂಬ ಬಂದರಿನಲ್ಲಿ ಒಂದು ಕಲ್ಲಿಗಾಗಿ ಅನ್ಯ ವರ್ತಕನ ಆಳಿನೊಡನೆ ಸ್ಪರ್ಧೆಯುಂಟಾಗಲು, ಈತನ ಗುಮಾಸ್ತ ಜಯಂತಸಿಂಹನು 3 ಲಕ್ಷ ದೀನಾರಗಳನ್ನು ತೆತ್ತು ಅದನ್ನು ಕೊಂಡು ತಂದನು. ಧಣಿಯ ಕೋಪಕ್ಕೆ ಗುರಿಯಾಗುವೆನೆಂದು ಅಂಜಿದ್ದವನನ್ನು ಜಗಡೂ ಆಲಿಂಗಿಸಿ, ಮನೆತನದ ಮರ್ಯಾದೆ ಉಳಿಸಿದನೆಂದು ಸನ್ಮಾನಿಸಿದನು.

ಗುರುಗಳಾದ ಪರಮದೇವಸೂರಿಗಳು ಘೋರ ಕ್ಷಾಮವೊಂದು ಬರಲಿದೆಯೆಂದು ಮುಂಚಿತವಾಗಿಯೇ ಎಚ್ಚರಿಸಿದರು. ಜಗಡೂ ಊರೂರುಗಳಲ್ಲಿ ಧಾನ್ಯವನ್ನು ಕೊಂಡು ಕಣಜಗಳಲ್ಲಿ ತುಂಬಿಸಿದನು. ವಿಕ್ರಮ ಸಂವತ್ 1313ರಿಂದ 1315ರವರೆಗೆ, ಅಂದರೆ ಕ್ರಿ.ಶ. 1256ರಿಂದ 1258ರ ಸುಮಾರಿಗೆ, ಮಳೆ ಬಾರದೆ ನಾಡು ಬೆಂದುಹೋಯಿತು. ಧಾನ್ಯಕ್ಕೆ ಕೇಳಿದಷ್ಟು ಬೆಲೆ ಸಿಗುವ ಕಾಲ! ಗುಜರಾತಿನ ಅರಸ ವೀಸಲದೇವನ ಉಗ್ರಾಣವೂ ಬರಿದಾಗಲು, ಅವನು ಜಗಡೂವನ್ನು ಅಣಹಿಲಪಟ್ಟಣಕ್ಕೆ ಕರೆಸಿ ಧಾನ್ಯ ಕೇಳಿದನು. ಅಲ್ಲಿ ತನ್ನದೆನ್ನುವ ಕಾಳು ಒಂದೂ ಇಲ್ಲವೆಂದು ಜಗಡೂ ಬಿನ್ನವಿಸಿದನು. ಕಣಜ ತೆರೆಸಿ ನೋಡಲು, ಅದು ಬಡವರಿಗಾಗಿ ಕೂಡಿಟ್ಟದ್ದೆಂದು ಸಾರುವ ತಾಮ್ರದ ಫಲಕ ಕಂಡಿತು. ಆಗ ಪ್ರಜೆಗಳ ಪ್ರಾಣರಕ್ಷಣೆಗಾಗಿ ವೀಸಲದೇವನಿಗೆ 8000 ಮೂಡೆ ಧಾನ್ಯವನ್ನೂ, ಸಿಂಧ, ಮಾಳವ, ದಿಲ್ಲಿಯ ಅರಸರಿಗೂ ವಿಪುಲವಾಗಿ ಧಾನ್ಯವನ್ನೂ ಧಾರೆಯೆರೆದನು. 112 ದಾನಶಾಲೆಗಳು ತೆರೆದುವು. ಕೈಯೊಡ್ಡಲು ನಾಚುವ ಮರ್ಯಾದಸ್ಥರ ಮನೆಗಳಿಗೆ, ಒಳಗೆ ಹೊನ್ನಿನ ನಾಣ್ಯವಿಟ್ಟ ಲಡ್ಡುಗಳು ಇರುಳಿನಲ್ಲಿ ಗುಟ್ಟಾಗಿ ತಲುಪುತ್ತಿದ್ದುವು.

ಜಿನಾಲಯದ ಜೀರ್ಣೋದ್ಧಾರ ಮಾಡಿಸಿದ ಈ ಪುಣ್ಯಾತ್ಮನೇ ಮುಸಲ್ಮಾನರಿಗಾಗಿ ಒಂದು ಮಸೀದಿಯನ್ನೂ ಕಟ್ಟಿಸಿಕೊಟ್ಟನು. ಸ್ವಧರ್ಮದಲ್ಲಿ ದೃಢನಾಗಿದ್ದವನಿಗೆ ಪರಧರ್ಮೀಯರ ಪ್ರಾರ್ಥನೆ ಎಂದೂ ತೊಡಕಾಗಲಿಲ್ಲ.

ಭದ್ರೇಶ್ವರದ ಆ ಜಿನಾಲಯವು 2001ರ ಭೂಕಂಪದಲ್ಲಿ ಕುಸಿದು, ಶ್ರಾವಕರ ಶ್ರದ್ಧೆಯಿಂದ ಮತ್ತೆ ಎದ್ದು ನಿಂತಿದೆ. ಕಲ್ಲಿನ ಕಟ್ಟಡ ಬೀಳಬಹುದು, ಏಳಬಹುದು. ಹಸಿದ ಹೊಟ್ಟೆಗಿತ್ತ ಅನ್ನಕ್ಕೆ ಅಳಿವಿಲ್ಲ. ಲಾಭದ ಕಾಲದಲ್ಲಿ ಲೋಭವನ್ನು ಗೆದ್ದ ಜಗಡೂಶಾಹನ ಬಾಳು ವ್ಯಾಪಾರ ವೃತ್ತಿಯ ಶ್ರಾವಕರೆಲ್ಲರಿಗೂ ದಾರಿದೀಪವಾಗಿರಲಿ.